ಪ್ಯಾಡಲ್‌ನಲ್ಲಿ ಎಚ್ ಹೊಡೆದ್ರೆ 5 ಆಗುತ್ತೆ, ಏನ್ಮಾಡ್ಲಿ?

ಪ್ರಶ್ನೆ (ದಾವಣಗೆರೆ): ಎಂಟು ತಿಂಗಳು ಸ್ಟ್ರೇಟ್ ಕೀಯಲ್ಲೇ (ಕೈಯಿಂದ ಮೇಲೆ-ಕೆಳಗೆ ಒತ್ತೋ ಕೀ) ಮೋರ್ಸ್ (ಚಿಕ್ಕ-ಉದ್ದ ಸದ್ದಿನ ಸಂಕೇತ ಲಿಪಿ) ಕಲಿತೆ. ಈಗ ಪ್ಯಾಡಲ್ (ಬೆರಳಿಂದ ಪಕ್ಕಕ್ಕೆ ಒತ್ತೋ ಕೀ, ಹಿಡಿದಷ್ಟು ಹೊತ್ತು ಸದ್ದು ತಾನಾಗಿ ಬರುತ್ತೆ) ತಗೊಂಡಿದೀನಿ. ನಾಲ್ಕು ಡಿಟ್‌ನ (ಡಿಟ್ ಅಂದ್ರೆ ಚಿಕ್ಕ ಸದ್ದು) ಎಚ್ ಐದು ಡಿಟ್ ಆಗಿ, ಅಂಕಿ 5 ಅಂತ ಹೋಗುತ್ತೆ. ಸ್ಟ್ರೇಟ್ ಕೀಗೆ ವಾಪಸ್ ಬಂದ್ರೆ ಸಿ (ಉದ್ದ-ಚಿಕ್ಕ-ಉದ್ದ-ಚಿಕ್ಕ) ಮಧ್ಯೆ ಒಡೆದು ಎರಡು ಎನ್ (ಉದ್ದ-ಚಿಕ್ಕ) ಆಗುತ್ತೆ. ಒಂದನ್ನ ಬಿಟ್ಟುಬಿಡ್ಲಾ?

ಉತ್ತರ (ಚಿತ್ರದುರ್ಗ): ಬಿಡಬೇಡಿ, ಎರಡೂ ಬೇಕು. ಪ್ಯಾಡಲ್‌ನಲ್ಲಿ ಡಿಟ್ ಮಾಡೋದು ಕೀಯರ್ ಅನ್ನೋ ಎಲೆಕ್ಟ್ರಾನಿಕ್ ಸಾಧನ, ನಿಮ್ಮ ಕೆಲಸ ಸರಿಯಾದ ಹೊತ್ತಿಗೆ ಬೆರಳು ತೆಗೆಯೋದು. ನಿಮಿಷಕ್ಕೆ 12 ಪದದಲ್ಲಿ ಒಂದು ಡಿಟ್ 100 ಮಿಲಿಸೆಕೆಂಡ್. ನಾಲ್ಕನೇ ಡಿಟ್ ಕೇಳ್ತಿರುವಾಗಲೇ ಬಿಡಿ, ಮುಗಿಯೋತನಕ ಕಾದ್ರೆ ಐದನೇದು ಬಂದೇ ಬರುತ್ತೆ. ಎಣಿಸಲೇಬೇಡಿ! ಎಚ್ ಅನ್ನೋ ಲಯ ಕಿವೀಲಿ ಕೂರಲಿ.

ಸ್ಟ್ರೇಟ್ ಕೀಯಲ್ಲಿ ಮುಂಗೈ ಮೇಜಿನ ಮೇಲಿರಲಿ, ಚಲನೆ ಮಣಿಕಟ್ಟಿನಿಂದ. ಡಾ (ಉದ್ದ ಸದ್ದು) ಅಂದ್ರೆ ಮೂರು ಡಿಟ್ ಉದ್ದ, ಅಕ್ಷರದೊಳಗಿನ ಬಿಡುವು ಒಂದೇ ಡಿಟ್. ಆ ಬಿಡುವು ಉದ್ದ ಆದಾಗಲೇ ನಿಮ್ಮ ಸಿ ಒಡೆಯೋದು.

ಇನ್ನೊಬ್ಬರು: ಬಗ್ ಕೀ (ಸ್ಪ್ರಿಂಗ್ ಕಂಪನದಿಂದ ಕೆಲಸ ಮಾಡೋ ಕೀ) ಸದ್ಯಕ್ಕೆ ಬೇಡ. ಅದರಲ್ಲಿ ಡಿಟ್ ಮಾತ್ರ ತಾನಾಗಿ ಬರುತ್ತೆ, ಡಾ ಕೈಯಿಂದಲೇ. ವೇಗ ತಗ್ಗಿಸೋಕೆ ಅದರ ಭಾರದ ತುಂಡನ್ನ ತುದಿಗೆ ಸರಿಸಿದ್ರೂ ಕಲಿಯೋರಿಗೆ ವೇಗ ಜಾಸ್ತಿಯೇ.

ಪ್ರಶ್ನೆ ಕೇಳಿದವರು: ರಾತ್ರಿ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಇಪ್ಪತ್ತು ಎಚ್‌ನಲ್ಲಿ ಹದಿನಾಲ್ಕು ಸರಿ ಇದ್ವು. ಸಿ ಇನ್ನೂ ಒಡೀತಿದೆ, ನಾಳೆ ಮತ್ತೆ ಕೂರ್ತೀನಿ.