‘ಲಿಫ್ಟ್’ ಎಂಬುದು ಗುಣವೋ ತಪ್ಪೋ? ಉಸುಕಿನ ಮೇಲಿನ ವಾಲಿಬಾಲ್ ಕುರಿತು ಕೆಲವು ಪದಸಂದೇಹಗಳು

ಬೀಚ್ ವಾಲಿಬಾಲ್ ಪಂದ್ಯವೊಂದನ್ನು ಟಿವಿಯಲ್ಲಿ ನೋಡುತ್ತಿದ್ದಾಗ ನನ್ನ ಸೋದರಳಿಯ ಕೇಳಿದ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ, ಈಗ ನಾಲ್ಕಾರು ಪದಗಳನ್ನು ಬಲ್ಲವರ ಮುಂದೆ ಇಡಬೇಕಾಗಿ ಬಂದಿದೆ. ಇಂಗ್ಲಿಷಿನಲ್ಲಿ ಆಟವನ್ನು ವಿವರಿಸುತ್ತಿದ್ದವರು ‘ಲಿಫ್ಟ್’ ಎಂದರು. ರೆಫರಿ ಸೀಟಿ ಊದಿ ಪಾಯಿಂಟನ್ನು ಎದುರು ತಂಡಕ್ಕೆ ಕೊಟ್ಟುಬಿಟ್ಟರು. ‘ಲಿಫ್ಟ್ ಚಲೋನ ಇತ್ತಲ್ಲ ಮಾಮಾ, ಪಾಯಿಂಟ್ ಯಾಕ ಹೋತು?’ ಎಂಬುದು ಹುಡುಗನ ಪ್ರಶ್ನೆ.

ಬಾಗಲಕೋಟೆಯ ಸುತ್ತಲಿನ ಹಳ್ಳಿಗಳಲ್ಲಿ, ಶಾಲೆಯ ಬಯಲಿನಲ್ಲಿ ಎರಡು ಕಂಬ ನೆಟ್ಟು ಆಡಿದ ನಮ್ಮಂಥವರಿಗೆ ಲಿಫ್ಟ್ ಎಂದರೆ ಹೊಡೆಯುವವನಿಗೆ ಅನುಕೂಲವಾಗುವಂತೆ ನೆಟ್ಟಿನ ಹತ್ತಿರ ಚೆಂಡನ್ನು ಎತ್ತಿಕೊಡುವುದು. ಆ ಕೆಲಸ ಮಾಡುವವನೇ ಲಿಫ್ಟರ್. ಇಂಗ್ಲಿಷ್ ವಿವರಣೆಯಲ್ಲಿ ಇದೇ ಕ್ರಿಯೆಗೆ ‘ಸೆಟ್’ ಎಂದು ಹೆಸರು. ಅವರ ಮಾತಿನಲ್ಲಿ ಲಿಫ್ಟ್ ಎಂದರೆ ಚೆಂಡನ್ನು ತಟ್ಟಿ ಬಿಡುವ ಬದಲು ಒಂದು ಗಳಿಗೆ ಕೈಯಲ್ಲಿ ಹಿಡಿದು ಎತ್ತಿದ ತಪ್ಪು. ಹೀಗೆ ಒಂದೇ ಪದ ಒಂದು ಊರಿನಲ್ಲಿ ಹೊಗಳಿಕೆಯಾಗಿ, ಇನ್ನೊಂದು ಊರಿನಲ್ಲಿ ದಂಡಕ್ಕೆ ಗುರಿಯಾಗಿದೆ. ನಮ್ಮ ಬಳಕೆಯನ್ನು ತಿದ್ದಬೇಕೆಂದು ನನಗೆ ಅನ್ನಿಸುವುದಿಲ್ಲ. ಏಕೆಂದರೆ ಆಟದ ಒಂದು ಸುತ್ತಿಗೂ ಸೆಟ್ ಎಂದೇ ಹೆಸರಿದೆ, ಕನ್ನಡದಲ್ಲಿ ಬರೆಯುವಾಗ ಇವೆರಡೂ ಬೆರೆತು ಗೊಂದಲವಾಗುತ್ತದೆ, ನಮ್ಮ ಲಿಫ್ಟ್ ಆ ತೊಡಕನ್ನು ತಾನಾಗಿಯೇ ಬಿಡಿಸಿದೆ. ಆ ತಪ್ಪಿಗೆ ‘ಹಿಡಿತ’ ಎನ್ನೋಣವೆಂದರೆ, ಕನ್ನಡದಲ್ಲಿ ಆಟದ ಮೇಲೆ ಹಿಡಿತವಿದೆ ಎಂಬುದು ಮೆಚ್ಚುಗೆಯ ಮಾತು. ‘ಹಿಡಿದ ಚೆಂಡು’ ಎಂದು ಬಿಡಿಸಿ ಹೇಳುವುದೇ ಸದ್ಯಕ್ಕೆ ಲೇಸೆಂದು ತೋರುತ್ತದೆ. ಅಂದಹಾಗೆ, ಉಸುಕಿನ ಆಟದಲ್ಲಿ ಲಿಫ್ಟರ್ ಎಂಬ ನಿಶ್ಚಿತ ಸ್ಥಾನವೇ ಇಲ್ಲ. ಬದಿಗೆ ಇಬ್ಬರೇ ಆಟಗಾರರು, ಬದಲಿ ಆಟಗಾರನೂ ಇಲ್ಲ. ಬಂದ ಸರ್ವಿಸನ್ನು ಒಬ್ಬ ಎತ್ತಿದರೆ ಎರಡನೆಯ ಮುಟ್ಟು ಇನ್ನೊಬ್ಬನದು, ಮೂರನೆಯದು ಮತ್ತೆ ಮೊದಲನೆಯವನದು.

ಎರಡನೆಯ ತೊಡಕು ‘ಪ್ಲೇಸಿಂಗ್’ ಪದದ್ದು. ಹೊಡೆಯುವಂತೆ ಎಗರಿ, ಕೊನೆಯ ಕ್ಷಣದಲ್ಲಿ ಬೆರಳತುದಿಯಿಂದ ಚೆಂಡನ್ನು ಖಾಲಿ ಜಾಗಕ್ಕೆ ಹಗುರವಾಗಿ ಇಳಿಬಿಡುವುದನ್ನು ನಾವು ಪ್ಲೇಸಿಂಗ್ ಎನ್ನುತ್ತೇವೆ. ಒಳಾಂಗಣದಲ್ಲಿ ಇದಕ್ಕೆ ಅಡ್ಡಿಯಿಲ್ಲ, ಉಸುಕಿನ ಮೇಲೆ ಇದು ನಿಷಿದ್ಧ. ಅಲ್ಲಿ ಬೆರಳು ಮಡಚಿ ಗೆಣ್ಣುಗಳಿಂದ ತಟ್ಟಬೇಕು. ಈ ಪೆಟ್ಟಿಗೆ ‘ಗೆಣ್ಣೇಟು’ ಎಂಬ ಪದವನ್ನು ಕಟ್ಟಿ ನೋಡಿದ್ದೇನೆ. ಕಿವಿಗೆ ಒರಟಾಗಿ ಕೇಳಿಸುತ್ತದೆ ಎಂಬ ಆಕ್ಷೇಪ ಮನೆಯಲ್ಲಿಯೇ ಬಂದಿದೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಬೇಕು.

ಎದುರಾಳಿ ಹೊಡೆದ ಚೆಂಡಿಗೆ ನೆಟ್ಟಿನ ಬಳಿ ಎಗರಿ ಕೈಯೊಡ್ಡುವ ಬ್ಲಾಕ್ ಎಂಬುದಕ್ಕೆ ‘ತಡೆ’ ಸರಿಹೊಂದುತ್ತದೆ. ಆದರೆ ಒಳಾಂಗಣದಲ್ಲಿ ತಡೆಯುವಾಗ ಚೆಂಡು ಕೈಗೆ ತಗಲಿದರೂ ಅದು ಚೆಂಡನ್ನು ಆಚೆ ಕಳಿಸಲು ತಂಡಕ್ಕಿರುವ ಮೂರು ಮುಟ್ಟುಗಳ ಲೆಕ್ಕಕ್ಕೆ ಬರುವುದಿಲ್ಲ, ಇಲ್ಲಿ ಬರುತ್ತದೆ. ತಡೆದ ಮೇಲೆ ಉಳಿಯುವುದು ಎರಡೇ ಮುಟ್ಟು ಎಂಬುದು ಗೊತ್ತಿಲ್ಲದಿದ್ದರೆ, ಆಟಗಾರರು ತಡೆಯ ನಂತರದ ಎರಡನೆಯ ಮುಟ್ಟಿಗೇ ಅವಸರದಿಂದ ಚೆಂಡನ್ನು ಆಚೆ ಕಳಿಸುವುದು ನೋಡುವವರಿಗೆ ಅರ್ಥವಾಗುವುದಿಲ್ಲ. ಸರ್ವಿಸ್ ಮಾಡುವವನ ಜೊತೆಗಾರ ನೆಟ್ಟಿನ ಬಳಿ ನಿಂತು ಬೆನ್ನ ಹಿಂದೆ ತೋರಿಸುವ ಬೆರಳುಗಳೂ ತಡೆಗೆ ಸಂಬಂಧಿಸಿದವು. ಒಂದು ಬೆರಳು ತೋರಿಸಿದರೆ ಅಂಚುಗೆರೆಯ ಗುಂಟ ಬರುವ ಹೊಡೆತವನ್ನು ತಾನು ತಡೆಯುತ್ತೇನೆಂದೂ, ಎರಡು ತೋರಿಸಿದರೆ ಮೂಲೆಗೆ ಅಡ್ಡಲಾಗಿ ಬರುವುದನ್ನು ತಡೆಯುತ್ತೇನೆಂದೂ, ಮುಷ್ಟಿ ಬಿಗಿದರೆ ತಡೆಗೆ ಏಳುವುದಿಲ್ಲವೆಂದೂ ಅರ್ಥ. ಉಳಿದ ಬಯಲನ್ನು ಹಿಂದಿನವನು ಕಾಯಬೇಕು. ಇವೆರಡು ಹೊಡೆತಗಳಿಗೆ ‘ಸೀದಾ’, ‘ಓರೆ’ ಎಂಬ ಪದಗಳು ನಮ್ಮ ಬಾಯಲ್ಲಿ ಈಗಾಗಲೇ ಇರುವುದರಿಂದ ಹೊಸದನ್ನು ಹುಡುಕುವ ಅಗತ್ಯ ಕಾಣುವುದಿಲ್ಲ.

ಇನ್ನು ಆಟದ ಹೆಸರು. ‘ಕಡಲತೀರದ ವಾಲಿಬಾಲ್’ ಎಂಬುದು ಹುಟ್ಟಿದ ಜಾಗವನ್ನು ಹೇಳುತ್ತದೆ, ಆಡುವ ಜಾಗವನ್ನಲ್ಲ. 1996ರ ಅಟ್ಲಾಂಟಾದಿಂದ ಒಲಿಂಪಿಕ್ಸ್‌ನಲ್ಲಿರುವ ಈ ಆಟವನ್ನು 2012ರಲ್ಲಿ ಲಂಡನ್ ನಗರದ ನಡುವೆ, 2024ರಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರದ ಬುಡದಲ್ಲಿ, ಉಸುಕು ತಂದು ಸುರಿದು ಆಡಿಸಿದರು. 16 ಮೀಟರ್ ಉದ್ದ, 8 ಮೀಟರ್ ಅಗಲದ ಅಂಗಳಕ್ಕೆ ಕನಿಷ್ಠ 40 ಸೆಂಟಿಮೀಟರ್ ಆಳದ ಉಸುಕು ಬೇಕು, ಕಡಲು ಬೇಕಿಲ್ಲ. ಬೆಳಗಾವಿಯವರಿಗೆ ಗೋವೆಯ ದಂಡೆಯಾದರೂ ಹತ್ತಿರ. ನಮಗೆ ಉಸುಕೆಂದರೆ ಘಟಪ್ರಭೆ, ಮಲಪ್ರಭೆಗಳ ಪಾತ್ರದ್ದು. ‘ಮರಳು ವಾಲಿಬಾಲ್’ ಎಂದರೆ ಹಿಂದಿರುಗು ಎಂಬ ಕ್ರಿಯಾಪದದ ನೆರಳು ಬೀಳುವುದರಿಂದ ‘ಉಸುಕಿನ ವಾಲಿಬಾಲ್’ ನನಗೆ ಹೆಚ್ಚು ಒಪ್ಪಿಗೆ. ಮೈಸೂರಿನ ಕಡೆಯವರು ಇದನ್ನು ಒಪ್ಪಿಯಾರೇ?

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಪದ ‘ಎದುರುಗಾಳಿ’. ಮೊದಲ ಎರಡು ಸೆಟ್‌ಗಳು 21 ಪಾಯಿಂಟಿನವು; ಸಮವಾದರೆ ಮೂರನೆಯದು 15ರದು; ಯಾವುದನ್ನೇ ಗೆಲ್ಲಲೂ ಎರಡು ಪಾಯಿಂಟುಗಳ ಅಂತರ ಬೇಕು. ಮೊದಲ ಎರಡರಲ್ಲಿ ಎರಡೂ ತಂಡಗಳ ಪಾಯಿಂಟು ಕೂಡಿ ಪ್ರತಿ ಏಳು ಪಾಯಿಂಟಿಗೊಮ್ಮೆ, ಮೂರನೆಯದರಲ್ಲಿ ಪ್ರತಿ ಐದಕ್ಕೊಮ್ಮೆ ತಂಡಗಳು ಬದಿ ಬದಲಿಸುತ್ತವೆ. ಬಿಸಿಲು ಮತ್ತು ಗಾಳಿ ಒಬ್ಬರ ಪಾಲಿಗೇ ಉಳಿಯಬಾರದೆಂಬುದು ಇದರ ಉದ್ದೇಶ. ನಾವು ಎದುರುಗಾಳಿ ಎಂಬುದನ್ನು ಕಷ್ಟಕ್ಕೆ ಪರ್ಯಾಯವಾಗಿ ಬಳಸುತ್ತೇವೆ. ‘ಗಾಳಿ ಬಂದಾಗ ತೂರಿಕೋ’ ಎನ್ನುವಾಗ ಗಾಳಿಯ ದಿಕ್ಕಿಗೆ ಒಲಿದು ನಡೆಯುವುದೇ ಜಾಣತನ. ಉಸುಕಿನ ಅಂಗಳದಲ್ಲಿ ಮಾತ್ರ ಆಟಗಾರರು ಮುಖಕ್ಕೆ ಗಾಳಿ ಬರುವ ಬದಿಯನ್ನೇ ಒಳ್ಳೆಯದೆಂದು ಎಣಿಸುತ್ತಾರೆ, ಏಕೆಂದರೆ ಅಲ್ಲಿಂದ ಬಲವಾಗಿ ಹೊಡೆದ ಚೆಂಡನ್ನೂ ಗಾಳಿ ತಡೆದು ಗೆರೆಯೊಳಗೆ ಇಳಿಸುತ್ತದೆ, ಬೆನ್ನ ಹಿಂದಿನ ಗಾಳಿಯಾದರೆ ಹೊರಗೆ ಒಯ್ಯುತ್ತದೆ. ‘ಈ ತಂಡಕ್ಕೀಗ ಎದುರುಗಾಳಿ’ ಎಂದು ಕನ್ನಡದಲ್ಲಿ ವಿವರಿಸಿದರೆ ಕೇಳುಗರು ಮರುಕಪಟ್ಟಾರು. ಮುಖಕ್ಕೆ ಬರುವ ಗಾಳಿಯನ್ನು ಕಷ್ಟದ ಛಾಯೆಯಿಲ್ಲದೆ ಹೇಳುವ ಪದವೇನಾದರೂ ಕಣದಲ್ಲಿ ರಾಶಿ ತೂರುವವರ ಅಥವಾ ಕರಾವಳಿಯ ದೋಣಿಯವರ ಮಾತಿನಲ್ಲಿ ಉಳಿದಿದೆಯೇ?