ರೆಡ್‌ಲೈನಿಂಗ್ ಬಗ್ಗೆ ಓದಿದ್ಮೇಲೆ ಕಸಿವಿಸಿ, ನಿಮಗೂ ಹಿಂಗೇ ಆಗಿದ್ಯಾ?

ಅಮೆರಿಕದ ಮನೆಸಾಲದ ಹಿಸ್ಟರಿ ಓದ್ತಿದೀನಿ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆನೇ ಸಿಟಿಗಳ ಮ್ಯಾಪ್ ಮಾಡ್ಸಿ ಕಪ್ಪು ಜನ ಇರೋ ಏರಿಯಾಗೆಲ್ಲ ಕೆಂಪು ಬಳಿದಿತ್ತು, ಹಸಿರು ಅಂದ್ರೆ ಒಳ್ಳೇದು, ಕೆಂಪು ಅಂದ್ರೆ ಅಪಾಯ, ಅಲ್ಲಿ ಸಾಲ ಹುಟ್ಟೋದೇ ಕಷ್ಟ, ಇದನ್ನೇ ರೆಡ್‌ಲೈನಿಂಗ್ ಅಂತಾರೆ. ಬಿಳಿಯರು ಕಮ್ಮಿ ಬಡ್ಡಿಗೆ ಮನೆ ತಗೊಂಡು ಮಕ್ಕಳಿಗೆ ಆಸ್ತಿ ಬಿಟ್ಟೋದ್ರು. ನಾವು ಭಾರತೀಯರು ಆಮೇಲೆ ಬಂದೋರು, ಇದ್ರಲ್ಲಿ ನಮ್ದೇನು ಪಾತ್ರ?

ತುಮಕೂರು_ಟು_ಟೆಕ್ಸಾಸ್:
ಪಾತ್ರ ಇಲ್ಲ, ಸರಿ. ಲಾಭ? 1946ರಿಂದ ಅಮೆರಿಕಕ್ಕೆ ವಲಸೆ ಬರಕ್ಕೆ ಭಾರತಕ್ಕೆ ವರ್ಷಕ್ಕೆ ಬರೀ 100 ಜನರ ಕೋಟಾ ಇತ್ತು. 1965ರಲ್ಲಿ ಬಾಗಿಲು ತೆಗ್ದಿದ್ದು ಕಪ್ಪು ಜನ ಬೀದಿಗಿಳಿದು ಹೋರಾಡ್ತಿದ್ದ ಕಾಲದಲ್ಲೇ.

ಸುಮ್ನೆ_ಓದುಗ:
ಎಲ್ಲಾದಕ್ಕೂ ಗಿಲ್ಟ್ ಯಾಕ್ರೀ? ನಮ್ಮಪ್ಪ ಜಮೀನು ಅಡ ಇಟ್ಟು ಓದ್ಸಿದ್ದು. 1923ರಲ್ಲಿ ಪಂಜಾಬಿಂದ ವಲಸೆ ಬಂದಿದ್ದ ಭಗತ್ ಸಿಂಗ್ ಥಿಂಡ್‌ಗೆ ನೀನು ಬಿಳಿಯ ಅಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟೇ ಪೌರತ್ವ ಇಲ್ಲ ಅಂದಿತ್ತು, ನಾವೂ ಅನುಭವಿಸಿದೀವಿ.

ಮಲ್ನಾಡ್_ಅಕ್ಕ:
ಅದೇ ಕೇಸ್ ಪೂರ್ತಿ ಓದಿ ಸಾರ್. ಆತನ ವಾದ ಏನಿತ್ತು ಗೊತ್ತಾ, ನಾನು ಮೇಲ್ಜಾತಿ ಆರ್ಯ, ಅದಕ್ಕೇ ನಾನೂ ಬಿಳಿಯ ಅಂತ! ಪೌರತ್ವಕ್ಕೆ ಬಣ್ಣ ನೋಡೋ ಆ ಕಾನೂನೇ ತಪ್ಪು ಅನ್ಲಿಲ್ಲ, ನನ್ನನ್ನೂ ಒಳಗೆ ಸೇರಿಸ್ಕೊಳ್ಳಿ ಅಂದ ಅಷ್ಟೇ. ಮತ್ತೆ ಅಡ ಇಡಕ್ಕೆ ಜಮೀನು ಇತ್ತಲ್ಲ ನಿಮ್ಗೆ, ಊರಲ್ಲಿ ಎಷ್ಟ್ ಜನಕ್ಕಿತ್ತು?

ಸುಮ್ನೆ_ಓದುಗ:
ಜಮೀನಿನ ವಿಷ್ಯ ಇಲ್ಲಿಗ್ ಯಾಕೆ ತರ್ತೀರ ಮೇಡಂ. ಕೇಸ್ ಓದ್ತೀನಿ, ಲಿಂಕ್ ಹಾಕಿ.