ಮುದ್ದು ಆನೆ ಮರಿ ಬಿಡಿಸೋದು ಹೇಗೆ? ನಮ್ಮದು ವಯಸ್ಸಾದ ಆನೆ ಥರ ಕಾಣುತ್ತಿದೆ

ಪುಟ್ಟಿಯ_ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಎರಡನೇ ಕ್ಲಾಸು. ಆಗಸ್ಟ್ 12ಕ್ಕೆ ವಿಶ್ವ ಆನೆ ದಿನ, ಅವತ್ತು ಮಕ್ಕಳೆಲ್ಲ ಒಂದೊಂದು ಆನೆ ಚಿತ್ರ ಬಿಡಿಸಿ ತರಬೇಕು ಅಂತ ಶಾಲೆಯಲ್ಲಿ ಹೇಳಿದ್ದಾರೆ. ಇವಳಿಗೆ ದೊಡ್ಡ ಆನೆ ಬೇಡವಂತೆ. ಕಾರ್ಟೂನ್ ಥರ ಇರುವ ಮುದ್ದು ಮರಿಯೇ ಬೇಕಂತೆ. ನಾನು ಬಿಡಿಸಿಕೊಡುವುದು ಬೇಡ, ಅವಳ ಜೊತೆ ಕೂತು ಇಬ್ಬರೂ ಕಲಿಯೋಣ ಅಂತ ಆಸೆ.

ಯೂಟ್ಯೂಬಿನಲ್ಲಿ ಕೆಲವು ವಿಡಿಯೋ ನೋಡಿದೆವು. ಕೈ ಸರಸರ ಓಡುತ್ತದೆ, ಯಾವ ಗೆರೆ ಯಾಕೆ ಅಲ್ಲಿ ಬಂತು ಅಂತ ಯಾರೂ ಹೇಳುವುದಿಲ್ಲ. ನಾವು ಬಿಡಿಸಿದ್ದರಲ್ಲಿ ಸೊಂಡಿಲಿದೆ, ಕಿವಿ ಇದೆ, ಎಲ್ಲಾ ಇದೆ, ಆನೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಮರಿ ಅನ್ನಿಸುವುದಿಲ್ಲ. ವಯಸ್ಸಾದ ಆನೆಯನ್ನೇ ಚಿಕ್ಕದಾಗಿ ಬಿಡಿಸಿದ ಹಾಗಿದೆ. ಏನು ಬದಲಾಯಿಸಿದರೆ ಅದು ಮರಿ ಆಗುತ್ತದೆ?

ಮನೆಯಲ್ಲಿ ಎ4 ಹಾಳೆ, ಎಚ್‌ಬಿ ಪೆನ್ಸಿಲ್, ರಬ್ಬರ್, ಮೆಂಡರ್, ಕಪ್ಪು ಸ್ಕೆಚ್ ಪೆನ್, ಒಂದು ಡಬ್ಬ ಕ್ರೇಯಾನ್ ಇದೆ. ಇಷ್ಟರಲ್ಲೇ ಆಗುವ ಹಾಗೆ ಹೇಳಿಕೊಡಿ.

---

ಡ್ರಾಯಿಂಗ್_ಮೇಷ್ಟ್ರು

ಮೇಡಂ, ನಿಮ್ಮ ಚಿತ್ರದಲ್ಲಿ ಕಣ್ಣು ಎಲ್ಲಿದೆ ಅಂತ ಮೊದಲು ನೋಡಿ. ತಲೆಯ ಅರ್ಧಕ್ಕಿಂತ ಮೇಲಿದ್ದರೆ ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಅಲ್ಲೇ ಸಿಕ್ಕಿತು. ಮರಿ ಅನ್ನಿಸುವುದು ಹಣೆಯಿಂದ. ಕಣ್ಣು ಕೆಳಗೆ ಇಳಿದಷ್ಟೂ ಹಣೆ ದೊಡ್ಡದಾಗುತ್ತದೆ, ಹಣೆ ದೊಡ್ಡದಾದಷ್ಟೂ ಮುಖ ಎಳೆಯದಾಗುತ್ತದೆ. ಪ್ರಾಣಿಗಳ ನಡವಳಿಕೆ ಬಗ್ಗೆ ಕೆಲಸ ಮಾಡಿದ ಆಸ್ಟ್ರಿಯಾದ ಕೊನ್ರಾಡ್ ಲೊರೆಂಟ್ಸ್ 1943ರಲ್ಲೇ ಇದನ್ನು ಬರೆದಿದ್ದರು. ಮೈಗಿಂತ ದೊಡ್ಡದು ಅನ್ನಿಸುವ ತಲೆ, ಉಬ್ಬಿದ ಹಣೆ, ಕೆಳಗಿರುವ ದೊಡ್ಡ ಕಣ್ಣು, ತುಂಬಿದ ಕೆನ್ನೆ, ಗಿಡ್ಡ ಕೈಕಾಲು, ಇಷ್ಟನ್ನು ಕಂಡರೆ ನಮಗೆ ತಾನಾಗಿ ಮುದ್ದು ಬರುತ್ತದೆ ಅಂತ. ಮನುಷ್ಯರ ಮಗುವಾದರೂ ಅಷ್ಟೇ, ನಾಯಿ ಮರಿಯಾದರೂ ಅಷ್ಟೇ. ಕಾರ್ಟೂನ್ ಬಿಡಿಸುವವರು ಮಾಡುವುದೂ ಇದನ್ನೇ, ಸ್ವಲ್ಪ ಜಾಸ್ತಿ ಮಾಡಿ.

ಈಗ ಹಾಳೆ ಉದ್ದುದ್ದ ಇಟ್ಟುಕೊಳ್ಳಿ. ಕೂತಿರುವ ಮರಿ, ಮುಖ ನಮ್ಮ ಕಡೆಗೆ. ಕಲಿಯುವವರಿಗೆ ಇದೇ ಸುಲಭ, ನಾಲ್ಕು ಕಾಲಿನ ತಲೆನೋವು ಇರುವುದಿಲ್ಲ.

ಪೆನ್ಸಿಲನ್ನು ತುದಿಯಿಂದ ಸ್ವಲ್ಪ ಹಿಂದಕ್ಕೆ ಹಿಡಿದು, ಒತ್ತದೆ, ಹಾಳೆಯ ಮೇಲರ್ಧದಲ್ಲಿ ಒಂದು ವೃತ್ತ ಹಾಕಿ. ಕೈಗೆ ಬರದಿದ್ದರೆ ನಿಮ್ಮ ಬಳೆ ಇಟ್ಟು ಒಳಗಡೆಯಿಂದ ಎಳೆಯಲಿ. 2.6 ಸೈಜಿನ ಬಳೆಯಾದರೆ ಸುಮಾರು 6 ಸೆಂ.ಮೀ. ವೃತ್ತ ಬರುತ್ತದೆ, ಅದು ತಲೆ. ವೃತ್ತದ ತಳದಿಂದ 2 ಸೆಂ.ಮೀ. ಮೇಲೆ ಒಂದು ತೆಳು ಅಡ್ಡಗೆರೆ ಎಳೆಯಿರಿ. ಕಣ್ಣು ಕೂರುವುದು ಆ ಗೆರೆಯ ಮೇಲೆ. ನೋಡಿದರೆ ತೀರಾ ಕೆಳಗಾಯಿತು ಅನ್ನಿಸುತ್ತದೆ. ಅನ್ನಿಸಲಿ, ಮೇಲಕ್ಕೆ ತರಬೇಡಿ.

ಕಣ್ಣಿಗಿಂತ ಮುಂಚೆ ಸೊಂಡಿಲು ಹಾಕಿ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಮುಖದ ಮಧ್ಯೆ ಒಂದು ಪೈಪು ಸಿಕ್ಕಿಸಿದ ಹಾಗೆ ಬಿಡಿಸುತ್ತಾರೆ. ಸೊಂಡಿಲು ಅಂದರೆ ಮೂಗು ಮತ್ತು ಮೇಲ್ತುಟಿ ಸೇರಿ ಉದ್ದವಾಗಿದ್ದು, ಅದು ಹಣೆಯಿಂದಲೇ ಇಳಿದು ಬರಬೇಕು. ಆದ್ದರಿಂದ ಮೇಲ್ಗಡೆ ಅಡ್ಡಗೆರೆ ಎಳೆದು ಮುಚ್ಚಬೇಡಿ. ಎರಡು ಕಣ್ಣಿನ ಜಾಗದ ನಡುವೆ ಒಂದೂವರೆ ಸೆಂ.ಮೀ. ಅಗಲದಲ್ಲಿ ಎರಡು ಗೆರೆ ಶುರುವಾಗಿ, ಕೆಳಗೆ ಹೋಗುತ್ತಾ ಹತ್ತಿರವಾಗುತ್ತಾ, ವೃತ್ತ ದಾಟಿ ಒಂದು ಪಕ್ಕಕ್ಕೆ ಸುರುಳಿಯಾಗಿ ಮೇಲೇಳಲಿ. ಮೊದಲು ಒಂದೇ ಗೆರೆಯಲ್ಲಿ ಇಂಗ್ಲಿಷಿನ ಜೆ ಅಕ್ಷರ ಬರೆದುಕೊಂಡು, ಆಮೇಲೆ ಅದರ ಎರಡೂ ಬದಿಗೆ ದಪ್ಪ ಕೊಟ್ಟರೆ ಮಗುವಿಗೆ ಸುಲಭ. ಸೊಂಡಿಲ ಮೇಲೆ ಸುಕ್ಕಿನ ಗೆರೆ ಎರಡೋ ಮೂರೋ ಸಾಕು, ಅದೂ ಸುರುಳಿ ಇರುವಲ್ಲಿ ಮಾತ್ರ. ಉದ್ದಕ್ಕೂ ಸುಕ್ಕು ಹಾಕಿದರೆ ವಯಸ್ಸಾಗಿಬಿಡುತ್ತದೆ. ನಿಮ್ಮದರಲ್ಲಿ ಇದೂ ಆಗಿರಬಹುದು.

ಆಮೇಲೆ ಕಣ್ಣು. ಸೊಂಡಿಲ ಆ ಕಡೆ ಒಂದು, ಈ ಕಡೆ ಒಂದು, ಸುಮಾರು ಒಂದು ಸೆಂ.ಮೀ. ಅಗಲ, ಮಧ್ಯೆ ಎರಡು ಕಣ್ಣಿನಷ್ಟು ಜಾಗ. ಒಳಗೆ ಒಂದು ಪುಟ್ಟ ಬಿಳಿ ಚುಕ್ಕೆ ಬಿಟ್ಟು ಉಳಿದದ್ದನ್ನು ಕಪ್ಪು ಮಾಡಿ. ಆ ಚುಕ್ಕೆ ಎರಡೂ ಕಣ್ಣಲ್ಲಿ ಒಂದೇ ಕಡೆ ಇರಬೇಕು, ಎಡ ಮೇಲ್ಗಡೆ ಅಂದರೆ ಎರಡರಲ್ಲೂ ಎಡ ಮೇಲ್ಗಡೆ. ಒಂದರಲ್ಲಿ ಎಡಕ್ಕೆ ಇನ್ನೊಂದರಲ್ಲಿ ಬಲಕ್ಕೆ ಬಂದರೆ ನೋಟ ಕೆಡುತ್ತದೆ. ಚುಕ್ಕೆಯ ಜಾಗವನ್ನು ಪೆನ್ಸಿಲಲ್ಲಿ ಮೊದಲೇ ಗುರುತು ಮಾಡಿಕೊಂಡು ಹಾಗೇ ಖಾಲಿ ಬಿಡಲಿ. ಬಾಯಿ ಸೊಂಡಿಲ ಹಿಂದೆ ಇರುತ್ತದೆ, ಸೊಂಡಿಲು ಒಂದು ಪಕ್ಕಕ್ಕೆ ತಿರುಗಿದೆಯಲ್ಲ, ಆಚೆ ಪಕ್ಕದಲ್ಲಿ ಸಣ್ಣ ನಗು ಕಾಣಿಸಿದರೆ ಸಾಕು.

ಮೈ ತಲೆಗಿಂತ ಚಿಕ್ಕದಿರಲಿ. ಕತ್ತು ಬೇಡ, ತಲೆಯ ಕೆಳಗೇ 5 ಸೆಂ.ಮೀ. ಅಗಲದ ಮೊಟ್ಟೆಯಾಕಾರ. ಅದರ ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಗುಂಡನೆಯ ಪಾದ, ಮಧ್ಯೆ ಎರಡು ಗಿಡ್ಡ ಮುಂಗಾಲು. ದಂತ ಹಾಕಲೇಬೇಡಿ.

---

ತುಂಗಾತೀರ

ಮೇಷ್ಟ್ರು ಕಿವಿ ಮರೆತರಲ್ಲ! ಅದನ್ನು ನಾನು ಸೇರಿಸುತ್ತೇನೆ, ಯಾಕಂದರೆ ಮಕ್ಕಳ ಚಿತ್ರದಲ್ಲಿ ನನಗೆ ಬೇಜಾರಾಗುವ ವಿಷಯ ಇದೇ. ನಾವು ಶಿವಮೊಗ್ಗದವರು, ಸಕ್ರೆಬೈಲಿನ ಬಿಡಾರ ಹತ್ತಿರ, ಬೆಳಿಗ್ಗೆ ತುಂಗಾ ಹಿನ್ನೀರಿನಲ್ಲಿ ಆನೆಗಳಿಗೆ ಸ್ನಾನ ಮಾಡಿಸುವಾಗ ನಿಂತು ನೋಡಬಹುದು. ನಮ್ಮ ಆನೆಯ ಕಿವಿ ಅಷ್ಟು ದೊಡ್ಡದಿಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಕಾರ್ಟೂನುಗಳಲ್ಲಿ ಬಹುಪಾಲು ಆಫ್ರಿಕಾದ ಆನೆಯ ಕಿವಿ, ಹೆಗಲು ಮುಚ್ಚುವಷ್ಟು ಅಗಲ. ನಮ್ಮ ಶಾಲೆಯ ಮಗು ನಮ್ಮ ಕಾಡಿನ ಮರಿಯನ್ನೇ ಬಿಡಿಸಲಿ ಅಂತ ನನ್ನ ಆಸೆ.

ಕಿವಿಯ ಮೇಲಿನ ಅಂಚು ಕಣ್ಣಿಗಿಂತ ಸ್ವಲ್ಪ ಮೇಲೆ ಶುರುವಾಗಲಿ, ನೆತ್ತಿಗಿಂತ ಮೇಲೆ ಹೋಗಬಾರದು. ಅಗಲ ತಲೆಯ ಅರ್ಧದಷ್ಟು ಸಾಕು. ಮೇಲೆ ಅಗಲ, ಕೆಳಗೆ ಬರುತ್ತಾ ಚೂಪು, ತುದಿ ಗಲ್ಲದ ಮಟ್ಟಕ್ಕೆ ನಿಲ್ಲಬೇಕು. ನೆತ್ತಿಯೂ ಗಮನಿಸಿ. ಆಫ್ರಿಕಾದ ಆನೆಗೆ ತಲೆ ಮೇಲೆ ಒಂದೇ ಉಬ್ಬು, ನಮ್ಮದಕ್ಕೆ ಎರಡು, ಮಧ್ಯೆ ಒಂದು ತಗ್ಗು. ವೃತ್ತದ ಮೇಲ್ಭಾಗದಲ್ಲಿ ಚೂರೇ ಚೂರು ತಗ್ಗು ಕೊಟ್ಟು ನೋಡಿ, ಕೂಡಲೇ ನಮ್ಮೂರ ಆನೆ ಅನ್ನಿಸುತ್ತದೆ. ಸೊಂಡಿಲ ತುದಿಯಲ್ಲಿ ಬೆರಳಿನಂಥ ಮೊನೆ ನಮ್ಮದಕ್ಕೆ ಒಂದೇ, ಮೇಲ್ಗಡೆ. ಆಫ್ರಿಕಾದ್ದಕ್ಕೆ ಎರಡು.

ಇನ್ನು ಮರಿಯ ಗುರುತು ಅಂದರೆ ಕೂದಲು. ಹತ್ತಿರದಿಂದ ನೋಡಿದವರಿಗೆ ಗೊತ್ತು, ಹುಟ್ಟಿದ ಮರಿಗೆ ತಲೆ, ಬೆನ್ನಿನ ಮೇಲೆಲ್ಲ ನೆಟ್ಟಗೆ ನಿಂತ ಒರಟು ಕೂದಲು, ಬೆಳಕು ಹಿಂದಿನಿಂದ ಬಿದ್ದರೆ ಕೆಂಚಗೆ ಹೊಳೆಯುತ್ತದೆ. ದೊಡ್ಡದಾದಂತೆ ಕಮ್ಮಿಯಾಗುತ್ತದೆ. ನೆತ್ತಿಯ ತಗ್ಗಿನಲ್ಲಿ ನಾಲ್ಕೈದು ಕೂದಲು ಎಳೆದುಬಿಡಿ, ವಯಸ್ಸಾದ ಆನೆ ಅಂತ ಯಾರೂ ಹೇಳುವುದಿಲ್ಲ.

---

ಬಣ್ಣದ_ಡಬ್ಬ

ಮೇಷ್ಟ್ರು ಹೇಳಿದ್ದೆಲ್ಲ ಒಪ್ಪುತ್ತೇನೆ, ಬಳೆ ಒಂದು ಬಿಟ್ಟು. ಏಳು ವರ್ಷದ ಮಗುವಿಗೆ ಬಳೆ ಕೊಟ್ಟರೆ ವೃತ್ತ ಚೆನ್ನಾಗಿ ಬರುತ್ತದೆ, ಉಳಿದ ಗೆರೆಗಳೆಲ್ಲ ಅದರ ಪಕ್ಕ ಸೊಟ್ಟ ಕಾಣುತ್ತವೆ. ಆಗ ಮಗು ಎಲ್ಲದಕ್ಕೂ ಏನಾದರೊಂದು ಇಟ್ಟು ಎಳೆಯೋಕೆ ಹುಡುಕುತ್ತದೆ. ಕೈಯಲ್ಲೇ ಹಾಕಲಿ. ಮಣಿಕಟ್ಟು ಊರದೆ, ಮೊಣಕೈಯಿಂದ ಇಡೀ ಕೈ ತಿರುಗಿಸಿ ಗಾಳಿಯಲ್ಲಿ ಎರಡು ಸುತ್ತು ಸುತ್ತಿ, ಹಾಗೇ ಹಾಳೆ ಮೇಲೆ ಇಳಿಸಿದರೆ ಮೂರ್ನಾಲ್ಕು ತೆಳು ವೃತ್ತ ಒಂದರ ಮೇಲೊಂದು ಬರುತ್ತವೆ. ಅದರಲ್ಲಿ ಚೆನ್ನಾಗಿರುವ ಗೆರೆ ಹಿಡಿದು ಗಟ್ಟಿ ಮಾಡಿದರಾಯಿತು. ಸ್ವಲ್ಪ ಅಡ್ಡ ಅಗಲವಾದರೆ ಇನ್ನೂ ಒಳ್ಳೆಯದು, ಕೆನ್ನೆ ತುಂಬಿಕೊಳ್ಳುತ್ತದೆ.

---

ಡ್ರಾಯಿಂಗ್_ಮೇಷ್ಟ್ರು

@ಬಣ್ಣದ_ಡಬ್ಬ ನಿಮ್ಮ ಮಾತು ಸರಿ, ಮೂರನೇ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ನಾನೂ ಬಳೆ ಕೊಡುವುದಿಲ್ಲ. ಚಿಕ್ಕವರಲ್ಲಿ ನಾನು ಕಂಡಿರುವುದು ಬೇರೆ. ಮೊದಲ ಗೆರೆಯೇ ಸರಿ ಬರಲಿಲ್ಲ ಅಂದರೆ ರಬ್ಬರ್ ಹಿಡಿದು ಹಾಳೆ ಹರಿಯುವ ತನಕ ಉಜ್ಜುತ್ತಾರೆ, ಕಣ್ಣು ಸೊಂಡಿಲಿಗೆ ಬರುವಷ್ಟರಲ್ಲಿ ಉತ್ಸಾಹವೇ ಇರುವುದಿಲ್ಲ. ಮೊದಲ ಚಿತ್ರಕ್ಕೆ ಬಳೆ ಇರಲಿ, ಅದು ಚೆನ್ನಾಗಿ ಬಂದ ಖುಷಿಯಲ್ಲಿ ಎರಡನೆಯದನ್ನು ಕೈಯಲ್ಲಿ ಹಾಕಲಿ.

ಕಿವಿ ಬಿಟ್ಟುಹೋಗಿತ್ತು, ತುಂಗಾತೀರ ಅವರಿಗೆ ಥ್ಯಾಂಕ್ಸ್. ನೆತ್ತಿಯ ತಗ್ಗಿನ ವಿಷಯ ನಾಳೆಯೇ ಕ್ಲಾಸಿನಲ್ಲಿ ಹೇಳುತ್ತೇನೆ.

---

ಪುಟ್ಟಿಯ_ಅಮ್ಮ

ನೀವೆಲ್ಲ ಇಷ್ಟು ಬರೆದಿದ್ದು ನೋಡಿ ತುಂಬಾ ಖುಷಿಯಾಯಿತು. ಸಂಜೆ ಇಬ್ಬರೂ ಕೂತೆವು. ಕಣ್ಣು ಕೆಳಗೆ ತಂದ ಕೂಡಲೇ ಮರಿ ಆಗಿಹೋಯಿತು! ಮಗಳು ಕೂದಲು ಜಾಸ್ತಿ ಹಾಕಿದ್ದಾಳೆ, ಅದು ಅವಳಿಷ್ಟ, ಹಾಗೇ ಇರಲಿ.

ಈಗ ಎರಡು ಪ್ರಶ್ನೆ. ಒಂದು, ಅವಳಿಗೆ ಪಕ್ಕದಿಂದ ನಿಂತಿರುವ ಮರಿಯೂ ಬೇಕಂತೆ. ಬಿಡಿಸಿ ನೋಡಿದರೆ ಹಿಂಗಾಲು ನಾಯಿಯ ಕಾಲಿನ ಥರ ಬರುತ್ತಿದೆ. ಎರಡು, ಮೊದಲು ಕ್ರೇಯಾನ್ ತುಂಬಬೇಕಾ, ಸ್ಕೆಚ್ ಪೆನ್ನಾ? ಒಂದು ಮೂಲೆಯಲ್ಲಿ ಕ್ರೇಯಾನ್ ಮೇಲೆ ಸ್ಕೆಚ್ ಪೆನ್ ಎಳೆದು ನೋಡಿದೆವು, ಬರೆಯುತ್ತಲೇ ಇಲ್ಲ.

---

ಬಣ್ಣದ_ಡಬ್ಬ

ಕ್ರೇಯಾನಿನಲ್ಲಿ ಮೇಣ ಇರುತ್ತದೆ, ಅದರ ಮೇಲೆ ಸ್ಕೆಚ್ ಪೆನ್ನಿನ ನೀರಿನ ಇಂಕು ಹಿಡಿಯುವುದಿಲ್ಲ, ತುದಿಗೂ ಮೇಣ ಮೆತ್ತಿ ಪೆನ್ನೇ ಹಾಳಾಗುತ್ತದೆ. ಪೆನ್ಸಿಲ್ ಗೆರೆ ಮೇಲೆ ಮೊದಲು ಸ್ಕೆಚ್ ಪೆನ್ ಎಳೆಯಿರಿ, ಪೂರ್ತಿ ಒಣಗಲಿ, ಆಮೇಲೆ ರಬ್ಬರಿನಿಂದ ಪೆನ್ಸಿಲ್ ಗೆರೆ ಅಳಿಸಿ. ಒಣಗುವ ಮುಂಚೆ ಉಜ್ಜಿದರೆ ಕಪ್ಪು ಹರಡುತ್ತದೆ, ಆತುರ ಬೇಡ. ಕೊನೆಗೆ ಕ್ರೇಯಾನ್, ಕಪ್ಪು ಗೆರೆಗೆ ತಾಗದ ಹಾಗೆ ಒಂದೆಳೆ ಒಳಗೆ. ಮುಂದೆ ವಾಟರ್ ಕಲರ್ ಬಳಸುವುದಾದರೆ ಉಲ್ಟಾ, ಬಣ್ಣ ಒಣಗಿದ ಮೇಲೆ ಗೆರೆ. ಇಲ್ಲದಿದ್ದರೆ ಇಂಕು ಕರಗಿ ಬಣ್ಣದಲ್ಲಿ ಸೇರುತ್ತದೆ.

ಡಬ್ಬದಲ್ಲಿ ಬೂದು ಬಣ್ಣ ಇಲ್ಲದಿದ್ದರೆ ಕಪ್ಪನ್ನು ಒತ್ತಿ ತುಂಬಬೇಡಿ, ಮರಿಯ ಮುಖವೆಲ್ಲ ಮಂಕಾಗುತ್ತದೆ. ಕಪ್ಪು ಕ್ರೇಯಾನಿನ ಕಾಗದ ಸುಲಿದು, ಅಡ್ಡ ಮಲಗಿಸಿ, ಹಗುರಾಗಿ ಒಂದು ಸಲ ಎಳೆದು, ಅದರ ಮೇಲೆ ತಿಳಿ ನೀಲಿ ತುಂಬಿ. ಕಿವಿಯ ಒಳಗೆ, ಕೆನ್ನೆಗೆ ಗುಲಾಬಿ.

---

ತುಂಗಾತೀರ

ಕೆನ್ನೆಗೆ ಗುಲಾಬಿ ಓಕೆ, ಆದರೆ ಸೊಂಡಿಲು ಕಿವಿ ಮೇಲೆ ಗುಲಾಬಿ ಮಚ್ಚೆ ಹಾಕಬೇಡಿ. ದಸರಾ ಆನೆಗಳಲ್ಲಿ ಕಾಣುತ್ತದಲ್ಲ, ಅದು ವಯಸ್ಸಾಗುತ್ತಾ ಬರುವುದು.

ಹಿಂಗಾಲಿನ ವಿಷಯಕ್ಕೆ ಬರುತ್ತೇನೆ. ನಾಯಿ, ಬೆಕ್ಕು ನಡೆಯುವುದು ಬೆರಳಿನ ಮೇಲೆ, ಹಿಮ್ಮಡಿ ಮೇಲೆದ್ದಿರುತ್ತದೆ, ಅದಕ್ಕೇ ಅವುಗಳ ಹಿಂಗಾಲು ಹಿಂದಕ್ಕೆ ಮಡಿಚಿದ ಹಾಗೆ ಕಾಣುತ್ತದೆ. ಆನೆಯ ಹಿಮ್ಮಡಿ ನೆಲಕ್ಕೆ ಹತ್ತಿರ, ಅಡಿಯಲ್ಲಿ ಮೆತ್ತನೆಯ ದಪ್ಪ ಕೊಬ್ಬು ಇರುತ್ತದೆ. ಮೊಣಕಾಲು ಕಾಲಿನ ಮಧ್ಯದಲ್ಲಿ, ಮುಂದಕ್ಕೆ ಬಾಗುತ್ತದೆ, ನಮ್ಮದರ ಹಾಗೇ. ಅದಕ್ಕೆ ನಾಲ್ಕೂ ಕಾಲು ನೆಟ್ಟಗೆ ಕಂಬದ ಥರ ಇಳಿಸಿ, ಹಿಂಗಾಲಿನ ಮುಂದಿನ ಗೆರೆಯಲ್ಲಿ ಮಾತ್ರ ಮಧ್ಯಕ್ಕೆ ಒಂದು ಸಣ್ಣ ಉಬ್ಬು ಕೊಡಿ. ಹಿಂದಿನ ಗೆರೆಯಲ್ಲಿ ಏನೂ ಬೇಡ. ನಾಯಿ ಕಾಲು ಅಲ್ಲಿಗೆ ಹೋಯಿತು. ಮರಿಯಲ್ಲವಾ, ಕಾಲಿನ ಉದ್ದ ತಲೆಯ ಅರ್ಧಕ್ಕಿಂತ ಜಾಸ್ತಿ ಮಾಡಬೇಡಿ.

ಬೆನ್ನು ಮೇಲಕ್ಕೆ ಉಬ್ಬಿರಲಿ. ಆಫ್ರಿಕಾದ ಆನೆಯ ಬೆನ್ನು ಮಧ್ಯದಲ್ಲಿ ತಗ್ಗು, ನಮ್ಮದು ಉಬ್ಬು. ಉಗುರು ಸಾಮಾನ್ಯವಾಗಿ ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು. ಪಕ್ಕದಿಂದ ಅಷ್ಟೂ ಕಾಣುವುದಿಲ್ಲ, ಒಂದೊಂದು ಕಾಲಿಗೆ ಮೂರು ಅರ್ಧಚಂದ್ರ ಹಾಕಿದರೆ ಸಾಕು. ಕೂತಿರುವ ಚಿತ್ರದಲ್ಲಿ ಹಿಂಗಾಲಿನ ಪಾದ ಎದುರಿಗೇ ಕಾಣುತ್ತದೆ, ಅಲ್ಲಿ ನಾಲ್ಕು ಹಾಕಿಸಿ.

ನಿಂತಿರುವ ಮರಿಗೆ ಸೊಂಡಿಲು ಹೇಗಿದ್ದರೂ ನಡೆಯುತ್ತದೆ. ಹುಟ್ಟಿದ ಕೆಲವು ತಿಂಗಳು ಮರಿಗೆ ಸೊಂಡಿಲಿನ ಮೇಲೆ ಹಿಡಿತವೇ ಇರುವುದಿಲ್ಲ, ಅದು ಎಲ್ಲೆಲ್ಲೋ ಬೀಸಾಡುತ್ತಿರುತ್ತದೆ. ತಾಯಿಯ ಮುಂಗಾಲುಗಳ ನಡುವೆ ಕೆಚ್ಚಲು, ಹಾಲು ಕುಡಿಯುವುದು ಬಾಯಿಂದ, ಆಗ ಸೊಂಡಿಲನ್ನು ತಲೆ ಮೇಲಕ್ಕೆ ಮಡಿಚಿಕೊಂಡಿರುತ್ತದೆ. ಹಾಗೆ ಮೇಲೆತ್ತಿದ ಸೊಂಡಿಲು ಬಿಡಿಸಿದರೆ ಬಾಯಿ ಪೂರ್ತಿ ಕಾಣುತ್ತದೆ, ನಗು ಹಾಕೋಕೂ ಜಾಗ ಸಿಗುತ್ತದೆ. ಬಾಲದ ತುದಿಗೆ ಕುಚ್ಚು ಗುಂಡಗೆ ಬೇಡ, ಎರಡೂ ಅಂಚಿಗೆ ಸಾಲಾಗಿ ಗಿಡ್ಡ ಕೂದಲು ಎಳೆಯಲಿ.